ನಮ್ಮ ಭಾಗದ ನಟನಟಿಯರ ಪರಿಚಯ ಬರೆಯುವಾಗ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಬಾಗಲಕೋಟೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯ ವಾಚನಾಲಯಕ್ಕಾಗಿ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ನಟನಟಿಯರ ಕಿರುಪರಿಚಯಗಳನ್ನು ಬರೆದಿಡುವ ಕೆಲಸವನ್ನು ನಾನು ಮತ್ತು ಕೆಲವು ಗೆಳೆಯರು ಕೈಗೆತ್ತಿಕೊಂಡಿದ್ದೇವೆ. ನಾಟಕ, ಸಿನಿಮಾ, ಧಾರಾವಾಹಿ ಎಂಬ ಭೇದವಿಲ್ಲದೆ ಒಬ್ಬೊಬ್ಬ ಕಲಾವಿದರಿಗೆ ಒಂದೊಂದು ಪುಟ ಮೀಸಲಿಡಬೇಕೆಂಬುದು ನಮ್ಮ ಉದ್ದೇಶ. ಕೆಲಸ ಆರಂಭಿಸಿದ ಮೇಲೆ ಒಂದು ತೊಡಕು ಎದುರಾಗಿದೆ. ನಮಗೆ ಸಿಕ್ಕಿರುವ ಪತ್ರಿಕೆಯ ತುಣುಕುಗಳಲ್ಲಿಯೂ ಅಂತರ್ಜಾಲದ ಪುಟಗಳಲ್ಲಿಯೂ ನಟನ ಬದುಕು ಆತನ ಮೊದಲ ಸಿನಿಮಾದಿಂದಲೇ ಆರಂಭವಾಗುತ್ತದೆ. ಅದಕ್ಕೂ ಮುಂಚೆ ನಾಟಕ ಕಂಪನಿಯ ಜೊತೆ ಊರೂರು ತಿರುಗಿ ದುಡಿದ ವರ್ಷಗಳೆಲ್ಲ ‘ರಂಗಭೂಮಿ ಹಿನ್ನೆಲೆಯವರು’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗಿರುತ್ತವೆ. ಸಿನಿಮಾ ಕಡೆಗೆ ಹೋಗದೆ ರಂಗದ ಮೇಲೆಯೇ ಬಾಳು ಸವೆಸಿದವರ ಬಗ್ಗೆಯಂತೂ ಆ ಒಂದು ಮಾತೂ ಸಿಗುವುದಿಲ್ಲ.

ಇನ್ನೊಂದು ಪ್ರಶ್ನೆ, ಯಾರನ್ನು ನಮ್ಮವರೆಂದು ಸೇರಿಸಬೇಕು ಎಂಬುದು. ಅತುಲ್ ಕುಲಕರ್ಣಿ ಅವರು ಬೆಳಗಾವಿಯಲ್ಲಿ ಹುಟ್ಟಿದವರು, ಆದರೆ ಬೆಳೆದದ್ದು ಸೊಲ್ಲಾಪುರದಲ್ಲಿ. ಉಮಾಶ್ರೀ ಅವರು ತುಮಕೂರು ಜಿಲ್ಲೆಯವರು, ಆದರೆ 2013ರಲ್ಲಿ ನಮ್ಮ ತೇರದಾಳದಿಂದ ಶಾಸಕಿಯಾಗಿ ಆಯ್ಕೆಯಾದವರು. ಹುಟ್ಟಿದ ಊರನ್ನು ಹಿಡಿಯಬೇಕೋ, ದುಡಿದ ಊರನ್ನು ಹಿಡಿಯಬೇಕೋ ಎಂಬುದು ನಮ್ಮಲ್ಲಿಯೇ ಇನ್ನೂ ಇತ್ಯರ್ಥವಾಗಿಲ್ಲ. ತಿಳಿದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ: ವಿಜಯಪುರದಿಂದ

ಸರ್, ಬಹಳ ದಿನಗಳಿಂದ ಯಾರಾದರೂ ಮಾಡಲಿ ಎಂದು ನಾನು ಹಾರೈಸುತ್ತಿದ್ದ ಕೆಲಸವಿದು. ನಿಮ್ಮ ಪಟ್ಟಿ ಬೀಳಗಿಯಿಂದ ಆರಂಭವಾಗಲಿ ಎಂಬುದು ನನ್ನ ಮೊದಲ ಸಲಹೆ. ಇಂದು ನಿಮ್ಮ ಜಿಲ್ಲೆಯಲ್ಲಿರುವ, ಅಂದು ವಿಜಾಪುರ ಜಿಲ್ಲೆಗೆ ಸೇರಿದ್ದ ಆ ಊರಿನಿಂದ ಗೋಹರಬಾಯಿ ಮತ್ತು ಅಮೀರಬಾಯಿ ಎಂಬ ಅಕ್ಕತಂಗಿಯರು ಮುಂಬಯಿಯವರೆಗೆ ಹೋಗಿ, ಹೆಸರಿನ ಮುಂದೆ ‘ಕರ್ನಾಟಕಿ’ ಎಂದು ಬರೆಯಿಸಿಕೊಂಡು ಬಾಳಿದರು. ತಂಗಿ ಅಮೀರಬಾಯಿಯವರು ಹಿನ್ನೆಲೆ ಗಾಯನವೆಂಬುದು ಇನ್ನೂ ಬೇರೂರುತ್ತಿದ್ದ ಕಾಲದಲ್ಲಿ ನಟಿಯೂ ಗಾಯಕಿಯೂ ಆಗಿ ಚಿತ್ರರಂಗಕ್ಕೆ ಬಂದರು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಅವರ ದನಿ ದೇಶದ ಮೂಲೆ ಮೂಲೆಗೂ ತಲುಪಿತು, ಮರುವರ್ಷ ‘ರತನ್’ ಚಿತ್ರದಲ್ಲಿಯೂ ಹಾಡಿದರು, 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ಸಂಗೀತವನ್ನೂ ನೀಡಿದರು. ಹೆಣ್ಣುಮಕ್ಕಳು ಸಂಗೀತ ನಿರ್ದೇಶಕರ ಕುರ್ಚಿಯಲ್ಲಿ ಕೂಡುವುದು ಇಂದಿಗೂ ವಿರಳವೆಂಬುದನ್ನು ನೆನೆದರೆ ಅದರ ತೂಕ ತಿಳಿಯುತ್ತದೆ. ನಮ್ಮೂರಿನ ಅಮೀರ ಟಾಕೀಜ್ ಅವರದೇ ಹೆಸರಿನದು. ಅಲ್ಲಿ ಸಿನಿಮಾ ನೋಡಿದವರಲ್ಲಿ ಎಷ್ಟೋ ಜನರಿಗೆ ಆ ಹೆಸರು ಯಾರದೆಂದು ಗೊತ್ತಿರಲಿಲ್ಲವೆಂಬುದು ನನಗೆ ಇಂದಿಗೂ ನೋವು ಕೊಡುವ ಸಂಗತಿ.

ಅಕ್ಕ ಗೋಹರಬಾಯಿಯವರದು ಇನ್ನೂ ವಿಶೇಷವಾದ ದಾರಿ. ಮರಾಠಿ ಸಂಗೀತ ನಾಟಕದಲ್ಲಿ ಸ್ತ್ರೀಪಾತ್ರಗಳಿಗೇ ಹೆಸರಾದ ಬಾಲಗಂಧರ್ವರ ಕಂಪನಿಯಲ್ಲಿ, ಅವರ ಜೊತೆಗೇ, ಸ್ವತಃ ಹೆಣ್ಣಾಗಿ ಹೆಣ್ಣಿನ ಪಾತ್ರ ವಹಿಸಿದ ಕನ್ನಡತಿ ಅವರು. ಗಂಡಸೊಬ್ಬರು ಹೆಣ್ಣಿನ ನಡೆನುಡಿಗೆ ಮಾದರಿ ಎನಿಸಿಕೊಂಡಿದ್ದ ರಂಗದ ಮೇಲೆ ನಿಜವಾದ ನಟಿಯೊಬ್ಬಳು ಬಂದು ನಿಂತಾಗ ಆಕೆ ಎದುರಿಸಿದ ಹೋಲಿಕೆ ಎಷ್ಟು ಕಠಿಣವಾಗಿದ್ದೀತೆಂದು ಊಹಿಸಬಹುದು. ಇವರಿಬ್ಬರ ಪರಿಚಯವನ್ನು ಬರೆಯುವಾಗ ಸಿನಿಮಾ ಬೇರೆ, ನಾಟಕ ಬೇರೆ, ಸಂಗೀತ ಬೇರೆ ಎಂದು ಕಂಡಿಕೆ ಮಾಡಲು ಬರುವುದಿಲ್ಲ, ಏಕೆಂದರೆ ಹಾಡು ಬಾರದವರಿಗೆ ಅಂದು ಈ ಮೂರರಲ್ಲಿ ಯಾವುದರ ಬಾಗಿಲೂ ಸುಲಭವಾಗಿ ತೆರೆಯುತ್ತಿರಲಿಲ್ಲ.

ಈಚಿನವರಲ್ಲಿ ರಾಜು ತಾಳಿಕೋಟಿ ಅವರನ್ನು ವಿಸ್ತಾರವಾಗಿ ಬರೆಯಿರಿ. 2025ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ ಬಹುತೇಕ ಸುದ್ದಿಗಳು ‘ಮನಸಾರೆ’, ‘ಪಂಚರಂಗಿ’ ಚಿತ್ರಗಳ ಹಾಸ್ಯನಟ, ಬಿಗ್ ಬಾಸ್ ಸ್ಪರ್ಧಿ ಎಂದೇ ಅವರನ್ನು ಗುರುತಿಸಿದವು. ‘ಮನಸಾರೆ’ ತೆರೆಕಂಡದ್ದು 2009ರಲ್ಲಿ. ಆ ಹೊತ್ತಿಗೆ ಅವರು ತಾಳಿಕೋಟಿಯ ಖಾಸ್ಗತೇಶ್ವರರ ಹೆಸರಿನ ನಾಟಕ ಮಂಡಳಿಯಲ್ಲಿ ಬೆಳೆದು, ಅದನ್ನು ನಡೆಸಿ, ‘ಕಲಿಯುಗದ ಕುಡುಕ’ ನಾಟಕದ ಮೂಲಕ ನಮ್ಮ ಭಾಗದ ಹಳ್ಳಿಹಳ್ಳಿಗೆ ಪರಿಚಿತರಾಗಿಬಿಟ್ಟಿದ್ದರು. ಆ ನಾಟಕದ ಕ್ಯಾಸೆಟ್ಟುಗಳು ಹೊಲದ ಗುಡಿಸಲಿನಿಂದ ಹಿಡಿದು ಟ್ರ್ಯಾಕ್ಟರಿನ ಟೇಪ್ ರೆಕಾರ್ಡರಿನವರೆಗೆ ಎಲ್ಲೆಡೆ ಕೇಳುತ್ತಿದ್ದವು. ಮುಖ ನೋಡದೆ ದನಿಯಿಂದಲೇ ನಟನನ್ನು ಗುರುತಿಸುವ ಪ್ರೇಕ್ಷಕರನ್ನು ಅವರು ಸಿನಿಮಾಕ್ಕಿಂತ ಬಹಳ ಮುಂಚೆಯೇ ಗಳಿಸಿದ್ದರು. ಕೊನೆಯಲ್ಲಿ ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದರು ಎಂಬುದನ್ನೂ ಮರೆಯಬೇಡಿ. ವೃತ್ತಿ ಕಂಪನಿಯಲ್ಲಿ ಬೆಳೆದವರೊಬ್ಬರು ಆ ಸ್ಥಾನಕ್ಕೆ ಬಂದದ್ದು ದೊಡ್ಡ ಮಾತೆಂದು ನಾನು ಭಾವಿಸುತ್ತೇನೆ.

ಅವರಿಗಿಂತ ಕೆಲವೇ ದಿನ ಮುಂಚೆ ಅಗಲಿದ ಯಶವಂತ ಸರದೇಶಪಾಂಡೆ ಅವರು ನಮ್ಮ ಜಿಲ್ಲೆಯ ಉಕ್ಕಲಿಯವರು. ಹೆಗ್ಗೋಡಿನ ನೀನಾಸಂನಲ್ಲಿ ಕಲಿತು ಬಂದು, ಮರಾಠಿಯ ‘ಆಲ್ ದಿ ಬೆಸ್ಟ್’ ನಾಟಕವನ್ನು ಕನ್ನಡಕ್ಕೆ ತಂದು, 2005ರ ‘ರಾಮ ಶಾಮ ಭಾಮ’ ಚಿತ್ರಕ್ಕೆ ನಮ್ಮ ಮಾತಿನ ಸೊಗಡನ್ನು ಕೊಟ್ಟವರು. ಇಬ್ಬರೂ ಒಂದೇ ಜಿಲ್ಲೆಯವರು, ಇಬ್ಬರೂ ಜನರನ್ನು ನಗಿಸಿದವರು, ಆದರೆ ಒಬ್ಬರು ಕಂಪನಿಯಿಂದ, ಇನ್ನೊಬ್ಬರು ರಂಗಶಾಲೆಯಿಂದ ಬಂದವರು. ಇಬ್ಬರ ಪುಟಗಳನ್ನು ಅಕ್ಕಪಕ್ಕದಲ್ಲಿರಿಸಿದರೆ ಓದುಗರಿಗೆ ಬಹಳಷ್ಟು ತಿಳಿಯುತ್ತದೆ.

ಉತ್ತರ: ಬೆಳಗಾವಿಯಿಂದ

ವಿಜಯಪುರದ ಹಿರಿಯರು ಬರೆದದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ಹುಟ್ಟಿದ ಊರಿನ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಹುಟ್ಟನ್ನೇ ಅಳತೆಗೋಲಾಗಿ ಹಿಡಿದರೆ ಮರಾಠಿ ಸಂಗೀತ ನಾಟಕದ ಪಿತಾಮಹರೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರನ್ನೂ ನೀವು ಸೇರಿಸಬೇಕಾಗುತ್ತದೆ. 1843ರಲ್ಲಿ ಅವರು ಹುಟ್ಟಿದ್ದು ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ, ಅವರ ‘ಶಾಕುಂತಲ’ 1880ರಲ್ಲಿ ಪುಣೆಯಲ್ಲಿ ರಂಗವೇರಿತು. ಸೇರಿಸಿದರೆ ತಪ್ಪಿಲ್ಲ, ಏಕೆಂದರೆ ಅವರು ಹಾಕಿಕೊಟ್ಟ ಸಂಗೀತ ನಾಟಕದ ರೀತಿ ತಿರುಗಿ ನಮ್ಮ ಕನ್ನಡ ಕಂಪನಿಗಳಿಗೇ ಬಂದು, ಇಲ್ಲಿಯ ನಟರು ಏನೇನು ಕಲಿತಿರಬೇಕೆಂಬುದನ್ನು ನಿರ್ಧರಿಸಿತು. ಆದರೆ ತೆಲುಗಿನ ‘ಪ್ರತಿಘಟನ’ದಿಂದ 1985ರಲ್ಲಿ ಖಳನಟರಾಗಿ ಹೆಸರಾದ ಬೆಳಗಾವಿಯ ಚರಣರಾಜ್ ಅವರಿಗೂ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ಅತುಲ್ ಕುಲಕರ್ಣಿಯವರಿಗೂ ನಮ್ಮ ರಂಗಭೂಮಿಯ ಋಣ ಅಷ್ಟಾಗಿ ಇದ್ದಂತೆ ಕಾಣುವುದಿಲ್ಲ. ಅತುಲ್ ಅವರು ತೆರೆಗೆ ಬಂದದ್ದು ಕನ್ನಡದ ‘ಭೂಮಿಗೀತ’ದಿಂದ ಎಂಬುದು ಸಂತೋಷದ ವಿಷಯ. ‘ಹೇ ರಾಮ್’ ಮತ್ತು ‘ಚಾಂದನಿ ಬಾರ್’ ಚಿತ್ರಗಳಿಗೆ ಪೋಷಕ ನಟ ರಾಷ್ಟ್ರಪ್ರಶಸ್ತಿಯೂ ಅವರಿಗೆ ಸಂದಿದೆ. ಇಂಥವರಿಗೆ ಅರ್ಧ ಪುಟ ಸಾಕು. ಇವರ ಬಗ್ಗೆ ಬರೆಯುವವರು ಬೇರೆ ಕಡೆ ಬೇಕಾದಷ್ಟು ಜನರಿದ್ದಾರೆ.

ಉಳಿದ ಪುಟಗಳನ್ನು ಏಣಗಿ ಬಾಳಪ್ಪನವರಂಥವರಿಗೆ ಕೊಡಿರಿ. ಸವದತ್ತಿ ಸೀಮೆಯ ಏಣಗಿ ಎಂಬ ಹಳ್ಳಿಯಲ್ಲಿ 1914ರಲ್ಲಿ ಹುಟ್ಟಿ, 2017ರ ಆಗಸ್ಟ್‌ನಲ್ಲಿ ಶತಾಯುಷಿಯಾಗಿ ಕಣ್ಮುಚ್ಚಿದ ಅವರ ಬದುಕೇ ನಮ್ಮ ಭಾಗದ ವೃತ್ತಿ ರಂಗಭೂಮಿಯ ಇತಿಹಾಸ. ಎಳೆಯ ವಯಸ್ಸಿನಲ್ಲಿ ಸ್ತ್ರೀಪಾತ್ರಗಳಿಂದ ಆರಂಭಿಸಿ, ದನಿ ಒಡೆದು ಮೈ ಬಲಿತಂತೆ ಪುರುಷಪಾತ್ರಗಳಿಗೆ ಹೊರಳಿ, ಮುಂದೆ ತಮ್ಮದೇ ‘ಕಲಾವೈಭವ ನಾಟ್ಯ ಸಂಘ’ವನ್ನು ಕಟ್ಟಿ, ‘ಜಗಜ್ಯೋತಿ ಬಸವೇಶ್ವರ’ದ ಬಸವಣ್ಣನಾಗಿ ಅವರು ರಂಗದ ಮೇಲೆ ಬಂದಾಗ ಜನ ಕೈಮುಗಿಯುತ್ತಿದ್ದರೆಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ಅವರ ಮಗ ಏಣಗಿ ನಟರಾಜ ಅವರು ರಂಗಭೂಮಿ, ಸಿನಿಮಾ, ಕಿರುತೆರೆ ಮೂರರಲ್ಲಿಯೂ ದುಡಿದರು. ತಂದೆ ಮಗ ಇಬ್ಬರ ಬದುಕನ್ನು ಒಟ್ಟಿಗೆ ಬರೆದರೆ ಒಂದೇ ಮನೆತನದೊಳಗೆ ನಟನೆಯ ಕಸುಬು ಹೇಗೆ ಬದಲಾಯಿತೆಂಬುದು ಕಾಣುತ್ತದೆ.

ಕಂಪನಿಯ ವರ್ಷಗಳನ್ನು ಒಂದು ಮಾತಿನಲ್ಲಿ ಮುಗಿಸಬಾರದೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಂಪನಿಯೆಂದರೆ ಶಾಲೆಯೂ ಹೌದು, ಸಂಸಾರವೂ ಹೌದು. ಹೊಸದಾಗಿ ಸೇರಿದ ಹುಡುಗ ಮೊದಲು ಪರದೆ ಎಳೆಯುತ್ತಿದ್ದ, ಸೀನರಿ ಹೊರುತ್ತಿದ್ದ, ನಾಟಕದ ಆರಂಭದ ಪ್ರಾರ್ಥನೆಯಾದ ನಾಂದಿಗೆ ದನಿಗೂಡಿಸುತ್ತಿದ್ದ. ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ಬೆಳಿಗ್ಗೆ ಅವನಿಂದ ಸ್ವರ ಹೇಳಿಸುತ್ತಿದ್ದರು, ಮಧ್ಯಾಹ್ನ ತಾಲೀಮು, ರಾತ್ರಿ ರಂಗದ ಬದಿಯಲ್ಲಿ ನಿಂತು ಹಿರಿಯರ ಪಾರ್ಟು, ಅಂದರೆ ಪಾತ್ರ, ನೋಡುವುದು. ಹಿರಿಯ ನಟರೊಬ್ಬರಿಗೆ ಜ್ವರ ಬಂದ ರಾತ್ರಿ ಅವನಿಗೆ ದೊಡ್ಡ ಪಾರ್ಟು ಒದಗುತ್ತಿತ್ತು, ಅದನ್ನು ನಿಭಾಯಿಸಿದರೆ ಮರುದಿನದಿಂದ ಅವನ ಸ್ಥಾನವೇ ಬದಲಾಗುತ್ತಿತ್ತು. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ಮಾತಿನ ಕೊನೆಯಕ್ಷರ ತಲುಪಬೇಕಾಗಿತ್ತು. ಕಂಪನಿ ಬಿಡಾರ ಹೂಡಿದ ಒಂದು ಕ್ಯಾಂಪಿನಲ್ಲಿ ಏಳೆಂಟು ನಾಟಕಗಳನ್ನು ಸರದಿಯಂತೆ ಆಡಬೇಕಾಗಿದ್ದುದರಿಂದ ಅಷ್ಟೂ ನಾಟಕಗಳ ಮಾತು, ಹಾಡುಗಳು ನೆನಪಿನಲ್ಲಿರಬೇಕಾಗಿತ್ತು. ಆದ್ದರಿಂದ ಪ್ರತಿಯೊಬ್ಬರ ಪುಟದಲ್ಲಿ ಯಾವ ಕಂಪನಿ, ಯಾವ ಪಾರ್ಟು, ಯಾವ ಮಾಸ್ತರರ ಕೈಕೆಳಗೆ, ಯಾವ ಯಾವ ಊರುಗಳ ಕ್ಯಾಂಪು ಎಂಬ ವಿವರಗಳನ್ನು ಕೇಳಿ ಬರೆದುಕೊಳ್ಳಿ.

ಉತ್ತರ: ಗುಳೇದಗುಡ್ಡದಿಂದ

ಎಲ್ಲ ಅಣ್ಣಂದಿರಿಗೂ ಶರಣು. ಇಷ್ಟು ಹೊತ್ತು ಓದಿದ ಮೇಲೆ ನಾನೂ ಬರೆಯಬೇಕೆನಿಸಿತು, ಏಕೆಂದರೆ ನಮ್ಮ ಊರಿನ ಕಲಾವಿದೆಯರ ಮಾತು ಇನ್ನೂ ಬಂದಿಲ್ಲ. ಗುಳೇದಗುಡ್ಡ, ಇಳಕಲ್ಲ, ಬಾದಾಮಿ ಸೀಮೆಯ ಹೆಣ್ಣುಮಕ್ಕಳು ಕಂಪನಿಗಳಲ್ಲಿ ಮಾತ್ರ ದುಡಿದವರಲ್ಲ. ಸುಗ್ಗಿ ಮುಗಿದ ಮೇಲೆ ಜಾತ್ರೆಯ ನಿಮಿತ್ತ ಹಳ್ಳಿಯ ಹುಡುಗರು ತಾವೇ ನಾಟಕ ಆಡುವ ರೂಢಿ ನಮ್ಮಲ್ಲಿದೆಯಷ್ಟೆ. ಹುಡುಗರು ತಿಂಗಳುಗಟ್ಟಲೆ ರಾತ್ರಿ ತಾಲೀಮು ಮಾಡುತ್ತಾರೆ, ಸ್ತ್ರೀಪಾತ್ರಗಳಿಗೆ ಮಾತ್ರ ವೃತ್ತಿ ಕಲಾವಿದೆಯರನ್ನು ಮುಂಗಡ ಕೊಟ್ಟು ಕರೆಸುತ್ತಾರೆ. ಆಕೆ ನಾಟಕದ ದಿನ ಬಸ್ಸಿನಲ್ಲಿ ಬಂದಿಳಿದು, ಅದುವರೆಗೆ ಮುಖ ನೋಡಿರದ ನಾಯಕನ ಜೊತೆ ಒಂದೆರಡು ತಾಸು ಮಾತು ಕೂಡಿಸಿಕೊಂಡು, ರಾತ್ರಿಯೆಲ್ಲ ನಾಯಕಿಯಾಗಿ ನಿಲ್ಲುತ್ತಾಳೆ. ಎದುರಿನ ಹುಡುಗ ಮಾತು ಮರೆತರೆ ಅವನ ಮಾತನ್ನು ತಾನೇ ಪ್ರಶ್ನೆಯಾಗಿ ತಿರುಗಿಸಿ ಕೇಳಿ, ಕಥೆ ಮುಂದುವರಿಯುವಂತೆ ನೋಡಿಕೊಳ್ಳುತ್ತಾಳೆ. ಮರುದಿನ ಇನ್ನೊಂದು ಊರು, ಇನ್ನೊಂದು ನಾಟಕ. ಹೀಗೆ ಹತ್ತಾರು ನಾಟಕಗಳನ್ನು ಕಂಠಸ್ಥ ಮಾಡಿಕೊಂಡವರ ಸ್ಮರಣಶಕ್ತಿಯನ್ನು ಯಾವ ನಟನಾ ಶಾಲೆ ಕಲಿಸೀತು? ಇವರಲ್ಲಿ ಬಹಳ ಜನರ ಹೆಸರು ಊರಿನ ನಾಟಕದ ಹ್ಯಾಂಡ್‌ಬಿಲ್ಲಿನಲ್ಲಿ ಬಿಟ್ಟರೆ ಮತ್ತೆಲ್ಲಿಯೂ ಅಚ್ಚಾಗಿಲ್ಲ.

ಬನಶಂಕರಿ ಜಾತ್ರೆಯನ್ನೂ ನೀವು ಹೊಂದಿಸಿಕೊಳ್ಳಬೇಕು. ಪುಷ್ಯ ಹುಣ್ಣಿಮೆಯ ತೇರಿನ ಹೊತ್ತಿಗೆ ಬಾದಾಮಿಯ ಹತ್ತಿರದ ಆ ಬಯಲಿನಲ್ಲಿ ನಾಟಕ ಕಂಪನಿಗಳು ಒಂದರ ಪಕ್ಕ ಒಂದು ಥೇಟರು ಹಾಕಿ ವಾರಗಟ್ಟಲೆ ಬಿಡಾರ ಹೂಡುತ್ತವೆ, ಜನ ಒಂದು ನಾಟಕ ಮುಗಿಸಿ ಇನ್ನೊಂದಕ್ಕೆ ಟಿಕೆಟ್ ತೆಗೆಸುತ್ತಾರೆ. ಮೂರೂ ಜಿಲ್ಲೆಗಳ ಹಿರಿಯ ಕಲಾವಿದರು ಅಲ್ಲಿ ಒಂದೇ ಕಡೆ ನಿಮಗೆ ಸಿಗುತ್ತಾರೆ. ಮಧ್ಯಾಹ್ನದ ಹೊತ್ತು ಹೋಗಿ, ರಾತ್ರಿ ಅವರಿಗೆ ಬಿಡುವಿರುವುದಿಲ್ಲ.

ಪಟ್ಟಿಯಲ್ಲಿ ಕೌಜಲಗಿ ನಿಂಗಮ್ಮನವರ ಹೆಸರು ತಪ್ಪದಿರಲಿ. ಗಂಡಸರೇ ಆಡುತ್ತಿದ್ದ ಶ್ರೀಕೃಷ್ಣ ಪಾರಿಜಾತವೆಂಬ ಸಣ್ಣಾಟದಲ್ಲಿ ತಮ್ಮದೇ ಮೇಳ ಕಟ್ಟಿಕೊಂಡು ಹೆಸರು ಗಳಿಸಿದ ಬೆಳಗಾವಿ ಜಿಲ್ಲೆಯ ಹೆಣ್ಣುಮಗಳು ಅವರು. ಸಣ್ಣಾಟ, ಬಯಲಾಟ ಎಂಬ ಹಳ್ಳಿಯ ಆಟಗಳವರನ್ನು ‘ಜಾನಪದ’ ಎಂಬ ಬೇರೆ ಕೋಣೆಯಲ್ಲಿ ಕೂಡಿಸಿ, ಕಂಪನಿಯವರನ್ನು ‘ನಟರು’ ಎನ್ನುವುದು ನನಗೆ ಸರಿಬೀಳುವುದಿಲ್ಲ. ಪಾರಿಜಾತದ ಸತ್ಯಭಾಮೆಯ ಪಾತ್ರ ಮಾಡಿದವರಿಗೆ ಬೇಕಾದ ಹಾಡು, ಜಗಳ, ಬಿನ್ನಾಣ, ಮುನಿಸು ಯಾವ ನಾಯಕಿಯ ಪಾತ್ರಕ್ಕಿಂತಲೂ ಕಡಿಮೆಯದಲ್ಲ.

ಪ್ರಶ್ನೆ ಕೇಳಿದವರಿಂದ

ಇಷ್ಟೊಂದು ಬರೆದುಕೊಟ್ಟ ಎಲ್ಲರಿಗೂ ಕೃತಜ್ಞತೆಗಳು. ಗುಳೇದಗುಡ್ಡದ ಅಕ್ಕನವರ ಮಾತು ಓದಿದ ಮೇಲೆ ನಮ್ಮ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಎಷ್ಟು ವಿರಳವೆಂಬುದು ಎದ್ದು ಕಂಡಿತು. ಇದರ ಬೆನ್ನಿಗೇ ಇನ್ನೊಂದು ಸಂದೇಹ ಮೂಡಿದೆ. ನಮ್ಮ ಹುನಗುಂದ ಸೀಮೆಯವರಾದ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಕಂಪನಿಗಳಲ್ಲಿ ಅಪಾರ ಜನಪ್ರಿಯವಾಗಿದ್ದ ನಾಟಕ. 1974ರಲ್ಲಿ ಅದು ಸಿನಿಮಾ ಆದಾಗ ಆ ಪಾತ್ರಗಳು ರಾಜಕುಮಾರ್ ಮತ್ತು ಮಂಜುಳಾ ಅವರ ಹೆಸರಿನಲ್ಲಿ ನೆಲೆಯಾದವು. ಅವರಿಬ್ಬರ ಅಭಿನಯದ ಬಗ್ಗೆ ಎರಡು ಮಾತಿಲ್ಲ. ಆದರೂ ನಾಟಕ ಇಲ್ಲಿಂದ ಹೋಯಿತು, ನಟರು ಏಕೆ ಹೋಗಲಿಲ್ಲ? ರಾಜಕುಮಾರ್, ನರಸಿಂಹರಾಜು ಅವರೂ ಕಂಪನಿಯಲ್ಲಿಯೇ ಪಳಗಿ 1954ರ ‘ಬೇಡರ ಕಣ್ಣಪ್ಪ’ದಿಂದ ತೆರೆಗೆ ಬಂದವರಲ್ಲವೇ?

ಉತ್ತರ: ಬೆಳಗಾವಿಯಿಂದ

ಬಹಳ ಯೋಗ್ಯವಾದ ಪ್ರಶ್ನೆ. ನನಗೆ ತೋಚುವ ಮೊದಲ ಕಾರಣ ದೂರ. ಕನ್ನಡದ ಮೊದಲ ವಾಕ್ಚಿತ್ರವಾಗಿ 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ದ ಚಿತ್ರೀಕರಣ ನಡೆದದ್ದು ನಮಗೆ ಕೂಗಳತೆಯಲ್ಲಿರುವ ಕೊಲ್ಲಾಪುರದಲ್ಲಿ. ಕನ್ನಡ ಸಿನಿಮಾ ಅಲ್ಲಿಯೇ ಬೇರೂರಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ. ಆದರೆ ಅದು ನೆಲೆಯೂರಿದ್ದು ಮದರಾಸಿನಲ್ಲಿ. ಗುಬ್ಬಿ ಕಂಪನಿಯಂಥ ದಕ್ಷಿಣದ ಕಂಪನಿಗಳ ಮಾಲೀಕರು ತಾವೇ ಚಿತ್ರ ತಯಾರಿಕೆಗೆ ಇಳಿದದ್ದರಿಂದ ಅಲ್ಲಿಯ ನಟರಿಗೆ ದಾರಿ ತೆರೆಯಿತು. ನಮ್ಮ ನಟರಾದರೋ ಮಾಲೀಕರ ಹತ್ತಿರ ಮುಂಗಡ ಹಿಡಿದು ವರ್ಷಕ್ಕೆ ಕಟ್ಟುಬಿದ್ದಿರುತ್ತಿದ್ದರು. ಎಂದೋ ಕರೆಯಬಹುದಾದ ಸ್ಟುಡಿಯೋವನ್ನು ನಂಬಿ ಹೆಂಡತಿ ಮಕ್ಕಳೊಡನೆ ಕ್ಯಾಂಪು ಬಿಟ್ಟು ಮದರಾಸಿಗೆ ಹೋಗುವುದು ಅವರಿಂದಾಗುವ ಮಾತಾಗಿರಲಿಲ್ಲ.

ಎರಡನೆಯದು ಭಾಷೆ. ಚಿತ್ರಗಳು ಮೈಸೂರು ಕಡೆಯ ಮಾತನ್ನು ಶಿಷ್ಟವೆಂದು ಹಿಡಿದವು, ನಮ್ಮ ಮಾತು ಹಾಸ್ಯಕ್ಕೆ ಅಥವಾ ಖಳನಿಗೆ ಸೀಮಿತವಾಯಿತು. ಅದರ ಪರಿಣಾಮ ಇಂದಿಗೂ ಮುಗಿದಿಲ್ಲ. ನಮ್ಮವರಿಗೆ ಕರೆ ಬಂದರೆ ಬಹಳ ಸಲ ನಗಿಸುವುದಕ್ಕಾಗಿಯೇ ಬರುತ್ತದೆ, ರಾಜು ತಾಳಿಕೋಟಿಯವರಂಥ ದೊಡ್ಡ ನಟರಿಗೂ ತೆರೆಯ ಮೇಲೆ ದಕ್ಕಿದ್ದು ಹೆಚ್ಚಾಗಿ ಅದೇ.

ಮೂರನೆಯದಾಗಿ ಕ್ಯಾಮೆರಾದ ಶಿಸ್ತು ಬೇರೆ. ಕೊನೆಯ ಸಾಲಿಗೆ ತಲುಪಿಸಲು ಬೆಳೆಸಿಕೊಂಡ ದನಿಯನ್ನೂ ತೋಳಿನ ಬೀಸನ್ನೂ ಕ್ಯಾಮೆರಾದ ಎದುರಿಗೆ ಅರ್ಧಕ್ಕಿಂತ ಕೆಳಗೆ ಇಳಿಸಬೇಕಾಗುತ್ತದೆ. ಕಂಪನಿಯವರಿಗೆ ಅದು ಬರುವುದಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ, ಬಂದದ್ದಕ್ಕೆ ರಾಜಕುಮಾರರೇ ಸಾಕ್ಷಿ. ಧಾರಾವಾಹಿಯಲ್ಲಿ ಸಂಭಾಷಣೆಯ ಹಾಳೆ ಅಂದೇ ಕೈಗೆ ಬಂದು, ಅಂದೇ ಹಲವಾರು ದೃಶ್ಯಗಳು ಮುಗಿಯಬೇಕಾಗಿರುವಾಗ ಕಂಪನಿಯ ನೆನಪಿನ ಶಕ್ತಿ ನಿಜವಾದ ಆಸ್ತಿ. ಅವಕಾಶ ಸಿಕ್ಕವರು ಅದನ್ನು ತೋರಿಸಿಕೊಟ್ಟಿದ್ದಾರೆ.

ಉತ್ತರ: ಗುಳೇದಗುಡ್ಡದಿಂದ

ಅಣ್ಣಾವರೇ, ಸಂದರ್ಶನಕ್ಕೆ ಹೋಗುವ ಮುಂಚೆ ಒಂದು ವಿನಂತಿ. ಕಲಾವಿದೆಯರ ಮನೆಗೆ ಹೋದಾಗ ಅವರ ಕುಲ, ಮದುವೆ, ಸಂಸಾರದ ಪ್ರಶ್ನೆಗಳಿಂದ ಮಾತು ಆರಂಭಿಸಬೇಡಿ. ಜೀವಮಾನವಿಡೀ ಆ ಪ್ರಶ್ನೆಗಳ ಮೊನೆಯನ್ನು ಸಹಿಸಿದವರು ಅವರು. ರಾತ್ರಿ ಚಪ್ಪಾಳೆ ಹೊಡೆದ ಜನರೇ ಹಗಲಿನಲ್ಲಿ ಬಾಡಿಗೆ ಮನೆ ಕೊಡಲು ಹಿಂದೇಟು ಹಾಕಿದ್ದನ್ನು ಅವರಲ್ಲಿ ಎಷ್ಟೋ ಜನ ಕಂಡಿದ್ದಾರೆ. ಈಗ ಮಕ್ಕಳು ಓದಿ ಬೇರೆ ಊರುಗಳಲ್ಲಿ ನೌಕರಿಯಲ್ಲಿದ್ದಾರೆ, ತಾಯಿಯ ಹೆಸರು ಅಚ್ಚಾಗುವುದು ಕೆಲವರಿಗೆ ಬೇಕು, ಕೆಲವರಿಗೆ ಬೇಡ. ಪಾರ್ಟಿನಿಂದ ಆರಂಭಿಸಿ. ‘ರಕ್ತರಾತ್ರಿ’ ನಾಟಕದಲ್ಲಿ ಯಾವ ಪಾತ್ರ ಮಾಡಿದ್ದಿರಿ ಎಂದು ಕೇಳಿದರೆ ಸಾಕು, ಎಂಬತ್ತರ ವಯಸ್ಸಿನವರೂ ಎದ್ದು ಕುಳಿತು ನಾಟಕಕಾರ ಕಂದಗಲ್ಲ ಹನಮಂತರಾಯರ ಆ ಮಾತುಗಳನ್ನು ತಡವರಿಸದೆ ಹೇಳುತ್ತಾರೆ. ಉಳಿದದ್ದನ್ನು ಅವರು ತಾವಾಗಿಯೇ ಹೇಳಿದರೆ ಬರೆದುಕೊಳ್ಳಿ, ಬರೆದದ್ದನ್ನು ಓದಿ ತೋರಿಸಿ ಒಪ್ಪಿಗೆ ಪಡೆದ ಮೇಲೆಯೇ ಅಚ್ಚಿಗೆ ಕೊಡಿ.

ಹಳೆಯ ಹ್ಯಾಂಡ್‌ಬಿಲ್ಲುಗಳನ್ನು ಕಂಡರೆ ಬಿಡಬೇಡಿ. ಅವುಗಳಲ್ಲಿ ತಾರೀಖು, ವಾರ ಇದ್ದು ಇಸವಿ ಇಲ್ಲದಿರುವುದು ಸಾಮಾನ್ಯ. ತಾರೀಖು ಮತ್ತು ವಾರವನ್ನು ಹಳೆಯ ಪಂಚಾಂಗದೊಂದಿಗೆ ಹೊಂದಿಸಿ ನೋಡಿದರೆ ಯಾವ ಯಾವ ವರ್ಷಗಳಿರಬಹುದೆಂಬುದು ತಿಳಿಯುತ್ತದೆ, ಟಿಕೆಟ್ಟಿನ ದರ ನೋಡಿದರೆ ಅವುಗಳಲ್ಲಿ ಒಂದನ್ನು ಆರಿಸಬಹುದು.

ಉತ್ತರ: ವಿಜಯಪುರದಿಂದ

ಅಕ್ಕನವರ ಮಾತು ನೂರಕ್ಕೆ ನೂರು ಸತ್ಯ. ಸರ್, ಕಂದಗಲ್ಲರ ಹೆಸರಿನ ರಂಗಮಂದಿರ ನಮ್ಮ ವಿಜಯಪುರದಲ್ಲಿಯೇ ಇದೆ. ಅಲ್ಲಿ ನಾಟಕವಿದ್ದ ದಿನ ಮೊದಲ ಸಾಲುಗಳಲ್ಲಿ ಕೂಡುವ ಹಿರಿಯರಲ್ಲಿ ಹಳೆಯ ನಟರು ಖಂಡಿತ ಇರುತ್ತಾರೆ. ನೀವು ಬರುವುದಾದರೆ ನಾನು ಜೊತೆಗಿರುತ್ತೇನೆ.

ಪ್ರಶ್ನೆ ಕೇಳಿದವರಿಂದ

ಎಲ್ಲರ ಸಲಹೆಗಳನ್ನು ಗೆಳೆಯರ ಮುಂದಿಟ್ಟು ಒಂದು ನಿರ್ಧಾರಕ್ಕೆ ಬಂದಿದ್ದೇವೆ. ಮೂರೂ ಜಿಲ್ಲೆಗಳ ರಂಗದ ಮೇಲೆ ದುಡಿದವರಿಗೆ ಪೂರ್ಣ ಪುಟ, ಇಲ್ಲಿ ಹುಟ್ಟಿ ಬೇರೆಡೆ ಬೆಳೆದವರಿಗೆ ಅರ್ಧ ಪುಟ. ಬೀಳಗಿಯ ಅಕ್ಕತಂಗಿಯರಿಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ, ಅವರಿಗೆ ಬೇಕಾದಷ್ಟು ಪುಟಗಳು. ಉಮಾಶ್ರೀ ಅವರನ್ನು ಅವರ ಜಿಲ್ಲೆಯವರೇ ಬರೆಯಲಿ ಎಂದು ಬಿಟ್ಟಿದ್ದೇವೆ. ಪ್ರತಿ ಪುಟದ ಮೊದಲ ಸಾಲು ಮೊದಲ ಪಾರ್ಟಿನದು, ಸಿನಿಮಾ ಧಾರಾವಾಹಿಗಳು ತಮ್ಮ ಸರದಿ ಬಂದಾಗ ಬರುತ್ತವೆ. ಪಾರಿಜಾತ, ಸಣ್ಣಾಟದವರಿಗೆ ಬೇರೆ ವಿಭಾಗವಿಲ್ಲ, ಎಲ್ಲರೂ ಒಂದೇ ಅಕಾರಾದಿಯಲ್ಲಿರುತ್ತಾರೆ. ಗುಳೇದಗುಡ್ಡದ ಅಕ್ಕನವರು ಒಪ್ಪಿದರೆ ಮೊದಲ ಸಂದರ್ಶನಗಳಿಗೆ ಅವರನ್ನೇ ಮುಂದಿಟ್ಟುಕೊಂಡು ಹೋಗಬೇಕೆಂದಿದ್ದೇವೆ. ಪ್ರಶ್ನೆಗಳ ಕರಡನ್ನು ಇಲ್ಲಿಯೇ ಹಾಕುತ್ತೇನೆ, ಕೇಳಬಾರದ್ದು ಏನಾದರೂ ಅದರಲ್ಲಿ ನುಸುಳಿದ್ದರೆ ದಯವಿಟ್ಟು ತಿಳಿಸಿರಿ.